‘ಚಾರ್ಜ್’ ಪದದ ಜೊತೆಗಾರರು

ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳ ಇಂಗ್ಲಿಷ್ ವಿಭಾಗಕ್ಕೆ ಪದದ ಅರ್ಥ ತಿಳಿದರಷ್ಟೇ ಸಾಲದು. ಅದರ ಜೊತೆ ಯಾವ ಪದ ಹೊಂದುತ್ತದೆ ಎಂಬುದೂ ಗೊತ್ತಿರಬೇಕು. ‘ಚಾರ್ಜ್’ ಎಂಬ ನಾಮಪದ ಇದಕ್ಕೆ ಒಳ್ಳೆಯ ಮಾದರಿ.

‘ಟೇಕ್ ಚಾರ್ಜ್’ ಎಂದರೆ ಹೊಣೆ ವಹಿಸಿಕೊಳ್ಳುವುದು. ಅಭ್ಯರ್ಥಿಗಳು ಎಡವುವುದು ಇದರ ನೆರೆಯ ಪ್ರಯೋಗದಲ್ಲಿ. ‘ದಿ ನರ್ಸ್ ಈಸ್ ಇನ್ ಚಾರ್ಜ್ ಆಫ್ ದಿ ಚೈಲ್ಡ್’ ಎಂದರೆ ಮಗುವಿನ ಉಸ್ತುವಾರಿ ನರ್ಸ್‌ನದು. ‘ದಿ ಚೈಲ್ಡ್ ಈಸ್ ಇನ್ ದಿ ಚಾರ್ಜ್ ಆಫ್ ದಿ ನರ್ಸ್’ ಎಂದರೆ ಮಗು ನರ್ಸ್ ಸುಪರ್ದಿಯಲ್ಲಿದೆ. ನಡುವೆ ಬಂದ ಒಂದೇ ಒಂದು ‘ದಿ’ ನೋಡಿಕೊಳ್ಳುವವರು ಯಾರು, ನೋಡಿಕೊಳ್ಳಲ್ಪಡುವವರು ಯಾರು ಎಂಬುದನ್ನೇ ತಿರುವುಮುರುವು ಮಾಡುತ್ತದೆ. ಈ ಜೋಡಿಯನ್ನು ಉರುಹೊಡೆಯುವುದಕ್ಕಿಂತ ಸ್ವಂತ ವಾಕ್ಯಗಳಲ್ಲಿ ಬಳಸಿ ನೋಡುವುದೇ ಮೇಲು.

ಆರೋಪದ ಅರ್ಥದಲ್ಲಿ ‘ಪ್ರೆಸ್’, ‘ಫೇಸ್’, ‘ಡ್ರಾಪ್’ ಕ್ರಿಯಾಪದಗಳು ‘ಚಾರ್ಜಸ್’ ಜೊತೆ ಬರುತ್ತವೆ: ಕ್ರಮವಾಗಿ ಆರೋಪ ಹೊರಿಸು, ಎದುರಿಸು, ಕೈಬಿಡು. ಕನ್ನಡ ಪತ್ರಿಕೆಗಳ ‘ಚಾರ್ಜ್‌ಶೀಟ್’, ಅಂದರೆ ದೋಷಾರೋಪ ಪಟ್ಟಿ, ಇದೇ ಬಳಗದ್ದು.

ಹಣದ ಅರ್ಥಕ್ಕೆ ‘ಸರ್ವಿಸ್ ಚಾರ್ಜ್’ ಇದೆ. ಉಚಿತ ಎನ್ನಲು ‘ಫ್ರೀ ಆಫ್ ಚಾರ್ಜ್’. ಇಲ್ಲಿ ಆರ್ಟಿಕಲ್ ಬೇಡ, ಬಹುವಚನವೂ ಬೇಡ.

‘ಲಾಠಿ ಚಾರ್ಜ್’ ಮೇಲೆರಗುವ ಅರ್ಥದ್ದು, ಭಾರತೀಯ ಇಂಗ್ಲಿಷ್‌ನ ಸ್ವಂತ ಜೋಡಿ. ಭೌತಶಾಸ್ತ್ರಕ್ಕೆ ಬಂದರೆ ‘ಪಾಸಿಟಿವ್’, ‘ನೆಗೆಟಿವ್’ ಎಂಬ ವಿಶೇಷಣಗಳು ಸೇರುತ್ತವೆ. ಅಲ್ಲಿ ಚಾರ್ಜ್ ಎಂದರೆ ವಿದ್ಯುದಾವೇಶ, ಅದರ ಏಕಮಾನ ಕೂಲಂಬ್.