ಸಹಕಾರ ಸಂಘದ ವಾರ್ಷಿಕ ಲೆಕ್ಕವನ್ನು ಸದಸ್ಯನು ಪರೀಕ್ಷಿಸುವ ಕ್ರಮ

ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘವು ಪ್ರತಿ ವರ್ಷ ಮಾರ್ಚ್ ೩೧ಕ್ಕೆ ತನ್ನ ಲೆಕ್ಕವನ್ನು ಮುಗಿಸಿ, ತನಿಖೆಯಾದ ಬಳಿಕ ಅದನ್ನು ಮಹಾಸಭೆಯ ಮುಂದಿಡುತ್ತದೆ. ಸಭೆಗೆ ಬಂದ ಸದಸ್ಯರಲ್ಲಿ ಬಹುಮಂದಿ ಷೇರಿನ ಮೇಲೆ ಶೇಕಡಾ ಎಷ್ಟು ಲಾಭಾಂಶ ಬರುವುದೆಂಬುದನ್ನು ಮಾತ್ರ ಕೇಳಿ, ಹಾಜರಿ ಪುಸ್ತಕದಲ್ಲಿ ರುಜು ಹಾಕಿ ಮನೆಗೆ ಹೋಗುವುದು ವಾಡಿಕೆ. ಲಾಭವೆಂದು ಬರೆದುದೆಲ್ಲವೂ ಕೈಗೆ ಬಂದ ಹಣವಲ್ಲವಾದುದರಿಂದ ಈ ವಾಡಿಕೆಯು ಹಾನಿಕರವಾದುದು.

೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದ ಮರುವರ್ಷವೇ, ಅಂದರೆ ೧೯೦೫ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಆ ಕಾಲದ ಗ್ರಾಮೀಣ ಸಂಘಗಳು ಸಾಮಾನ್ಯವಾಗಿ ಅನಿಯಮಿತ ಹೊಣೆಗಾರಿಕೆಯವು. ಸಂಘವು ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನ ಹೊಲಮನೆಗಳೂ ಗುರಿಯಾಗತಕ್ಕವು. ಆದುದರಿಂದ ನೆರೆಯವನು ಸಾಲವನ್ನು ತೀರಿಸಿದನೇ ಇಲ್ಲವೇ ಎಂಬುದನ್ನು ವಿಚಾರಿಸಲು ಎಲ್ಲರಿಗೂ ಕಾರಣವಿದ್ದಿತು. ಇಂದಿನ ಸಂಘಗಳ ಹೆಸರಿನ ಕೊನೆಯಲ್ಲಿ ಕಾಣುವ 'ನಿಯಮಿತ' ಎಂಬ ಪದವು ಸದಸ್ಯನ ಹೊಣೆಗೆ ಮಿತಿಯನ್ನು ಕಟ್ಟಿದೆ. ಆದರೆ ಅವನ ಷೇರು ಹಣಕ್ಕೂ ಠೇವಣಿಗೂ ಅಪಾಯವಿಲ್ಲವೆಂದು ಆ ಪದವು ಹೇಳುವುದಿಲ್ಲ.

ಲೆಕ್ಕದಲ್ಲಿ ಮುಖ್ಯವಾದ ತಖ್ತೆಗಳು ಮೂರು. ಜಮಾ-ಖರ್ಚಿನ ತಖ್ತೆಯು ವರ್ಷದಲ್ಲಿ ಬಂದ ಮತ್ತು ಹೋದ ಹಣವನ್ನು ತಿಳಿಸುತ್ತದೆ. ಲಾಭ-ನಷ್ಟದ ತಖ್ತೆಯು ಆ ವರ್ಷಕ್ಕೆ ಸೇರಿದ ಆದಾಯವನ್ನೂ ವೆಚ್ಚವನ್ನೂ, ಕೈಗೆ ಬಾರದವುಗಳನ್ನು ಸಹ ಸೇರಿಸಿ, ತೋರಿಸುತ್ತದೆ. ಆಸ್ತಿ-ಜವಾಬ್ದಾರಿ ತಖ್ತೆಯು ವರ್ಷದ ಕಡೆಯ ದಿನ ಸಂಘದ ಬಳಿ ಏನಿದೆ, ಅದು ಯಾರಿಗೆ ಎಷ್ಟು ಕೊಡಬೇಕಾಗಿದೆ ಎಂಬುದನ್ನು ಹೇಳುತ್ತದೆ. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಲ್ಲದೆ ನಿಜಸ್ಥಿತಿ ಹೊರಬೀಳದು.

ತಿಳಿವಳಿಕೆಗಾಗಿ ಒಂದು ಕಲ್ಪಿತ ಸಂಘದ ಲೆಕ್ಕವನ್ನು ತೆಗೆದುಕೊಳ್ಳಬಹುದು. ಅಂಕಿಗಳೆಲ್ಲವೂ ಲಕ್ಷ ರೂಪಾಯಿಗಳಲ್ಲಿವೆ.

ಜವಾಬ್ದಾರಿಗಳು: ಷೇರು ಬಂಡವಾಳ ೧೨, ಆಪದ್ಧನ ಮತ್ತು ಇತರ ನಿಧಿಗಳು ೬, ಸದಸ್ಯರ ಠೇವಣಿ ೩೦, ಜಿಲ್ಲಾ ಬ್ಯಾಂಕಿನ ಸಾಲ ೫೦, ವರ್ಷದ ಲಾಭ ೨. ಒಟ್ಟು ೧೦೦.

ಆಸ್ತಿಗಳು: ನಗದು ಮತ್ತು ಬ್ಯಾಂಕಿನಲ್ಲಿರುವ ಶಿಲ್ಕು ೪, ಜಿಲ್ಲಾ ಬ್ಯಾಂಕಿನ ಷೇರು ಮೊದಲಾದವು ೮, ಸದಸ್ಯರಿಂದ ಬರಬೇಕಾದ ಸಾಲ ೭೦, ಬರಬೇಕಾದ ಬಡ್ಡಿ ೭, ಗೊಬ್ಬರ, ಬೀಜಗಳ ದಾಸ್ತಾನು ೬, ಕಟ್ಟಡ, ಪೀಠೋಪಕರಣ ೫. ಒಟ್ಟು ೧೦೦.

ಇದೇ ವರ್ಷದ ಆದಾಯದಲ್ಲಿ ಬಡ್ಡಿ ೮, ಗೊಬ್ಬರ ಮಾರಾಟದ ಲಾಭ ೧, ಒಟ್ಟು ೯. ಕೊಟ್ಟ ಬಡ್ಡಿ ೫.೫, ಸಂಬಳ ಮುಂತಾದ ಆಡಳಿತ ವೆಚ್ಚ ೧.೫, ಒಟ್ಟು ೭. ಉಳಿದ ಲಾಭ ೨. ಮೇಲುನೋಟಕ್ಕೆ ಸಂಘವು ಕ್ಷೇಮವಾಗಿಯೇ ಇದೆ. ಇದನ್ನು ಈ ಕೆಳಗಿನ ನಾಲ್ಕು ವಿಧದಲ್ಲಿ ಪರೀಕ್ಷಿಸತಕ್ಕದ್ದು.

೧. ಲಾಭವು ಕೈಗೆ ಬಂದುದೇ? ಆದಾಯಕ್ಕೆ ಹಿಡಿದ ೮ ಲಕ್ಷ ಬಡ್ಡಿಯಲ್ಲಿ ವಸೂಲಾದುದು ೫ ಲಕ್ಷ ಮಾತ್ರ. ಉಳಿದ ೩ ಲಕ್ಷವು ಹಿಂದಿನ ವರ್ಷದ ೪ ಲಕ್ಷದೊಡನೆ ಕೂಡಿ 'ಬರಬೇಕಾದ ಬಡ್ಡಿ' ಎಂಬ ಹೆಸರಿನಲ್ಲಿ ಆಸ್ತಿಯ ಕಡೆ ಕುಳಿತಿದೆ. ಕೈಗೆ ಬಂದ ಆದಾಯ ೬, ಹೋದ ವೆಚ್ಚ ೭. ಎಂದರೆ ಸಂಘಕ್ಕೆ ೧ ಲಕ್ಷ ಕೊರತೆಯೇ ಹೊರತು ೨ ಲಕ್ಷ ಉಳಿತಾಯವಲ್ಲ. ಹೊಲದಲ್ಲಿ ನಿಂತ ಪೈರನ್ನು ಕಣಜದ ಕಾಳೆಂದು ಎಣಿಸುವ ಒಕ್ಕಲಿಗನಿಲ್ಲ. ಸಂಘದ ಲೆಕ್ಕದಲ್ಲಿಯೂ ಹಾಗೆ ಎಣಿಸಲಾಗದು. ಬರಬೇಕಾದ ಬಡ್ಡಿಯು ಸರ್ಕಾರವು ಮಂಜೂರು ಮಾಡಿದ ಸಹಾಯಧನವಾಗಿದ್ದರೆ ತಡವಾದರೂ ಬರುವ ನಂಬಿಕೆಯುಂಟು. ವಾಯಿದೆ ಮೀರಿದ ಸಾಲದ್ದಾಗಿದ್ದರೆ ಅದನ್ನು ಲಾಭಕ್ಕೆ ಸೇರಿಸದೆ ಸುಸ್ತಿ ಬಡ್ಡಿಯ ನಿಧಿಯಾಗಿ ಬೇರೆ ಇಡುವುದು ಸರಿಯಾದ ಕ್ರಮ. ಇಲ್ಲಿ ಶೇಕಡಾ ೧೦ರಂತೆ ಲಾಭಾಂಶ ಹಂಚಿದರೆ ೧.೨ ಲಕ್ಷ ಬೇಕು. ಆ ಹಣವು ಠೇವಣಿದಾರರ ಗಂಟಿನಿಂದಲೋ ಬ್ಯಾಂಕಿನ ಸಾಲದಿಂದಲೋ ಹೋಗತಕ್ಕದ್ದೇ.

೨. ವಸೂಲಿಯು ಎಷ್ಟು? ಈ ವರ್ಷ ತಗಾದೆಗೆ ಬಂದ ಅಸಲು ೪೦ ಲಕ್ಷ, ವಸೂಲಾದುದು ೨೮ ಲಕ್ಷ. ಅಂದರೆ ಶೇಕಡಾ ೭೦. ಸುಸ್ತಿಯಾದುದು ೧೨ ಲಕ್ಷ. ಇದರಲ್ಲಿ ೫ ಲಕ್ಷವು ಮೂರು ವರ್ಷಗಳಿಗಿಂತ ಹಳೆಯದೆಂದು ಇಟ್ಟುಕೊಳ್ಳೋಣ. ಮಳೆ ಕೈಕೊಟ್ಟ ಒಂದು ವರ್ಷದ ಸುಸ್ತಿಯು ಮುಂದಿನ ಬೆಳೆಯಲ್ಲಿ ತೀರಬಹುದು. ಮೂರು ಸುಗ್ಗಿಗಳು ಕಳೆದರೂ ತೀರದ ಸಾಲವು ಬೇರೆ ಜಾತಿಯದು. ಮಾರ್ಚ್ ಕಡೆಯ ವಾರದಲ್ಲಿ ತೀರಿದ ಸಾಲವು ಏಪ್ರಿಲ್ ಮೊದಲ ವಾರದಲ್ಲಿ ಅದೇ ಹೆಸರಿಗೆ ಅಷ್ಟೇ ಮೊಬಲಗಿಗೆ ಮರಳಿ ಹೋಗಿದ್ದರೆ, ಅದು ಹಣದ ವಸೂಲಿಯೋ ಬರಿಯ ಪುಸ್ತಕದ ವಸೂಲಿಯೋ ಎಂಬುದನ್ನು ವಿಚಾರಿಸಬೇಕು.

೩. ಸ್ವಂತ ಬಂಡವಾಳವು ನಷ್ಟವನ್ನು ತಾಳಬಲ್ಲುದೇ? ಷೇರು, ನಿಧಿ, ಲಾಭ ಸೇರಿ ೨೦ ಲಕ್ಷ. ಹಳೆಯ ಸುಸ್ತಿ ೫, ಬಾರದ ಬಡ್ಡಿ ೭, ಎರಡೂ ಮುಳುಗಿದವೆಂದರೆ ಉಳಿಯುವುದು ೮ ಲಕ್ಷ. ಸದಸ್ಯರು ಕಟ್ಟಿದ ಷೇರು ಹಣವೇ ೧೨ ಲಕ್ಷ. ಎಂದರೆ ೧೦೦ ರೂಪಾಯಿ ಕಟ್ಟಿದವನ ಷೇರಿಗೆ ಹಿಂದೆ ಉಳಿದ ಬೆಲೆ ಸುಮಾರು ೬೭ ರೂಪಾಯಿ. ಲಾಭಾಂಶದ ೧೦ ರೂಪಾಯಿಯನ್ನು ಎಣಿಸಿಕೊಳ್ಳುತ್ತಿರುವಾಗಲೇ ಅಸಲಿನ ೩೩ ರೂಪಾಯಿ ಕರಗಿರುವುದನ್ನು ಅವನು ಕಾಣನು.

೪. ಕೇಳಿದಾಗ ಕೊಡಲು ಹಣವಿದೆಯೇ? ಠೇವಣಿ ೩೦ ಲಕ್ಷಕ್ಕೆ ಶಿಲ್ಕು ೪ ಲಕ್ಷ. ರೂಪಾಯಿಗೆ ಸುಮಾರು ೧೩ ಪೈಸೆ. ಜಿಲ್ಲಾ ಬ್ಯಾಂಕಿನ ಷೇರು ಕೂಡಲೇ ಹಣವಾಗದು. ಗೊಬ್ಬರದ ದಾಸ್ತಾನು ಬಿತ್ತನೆಯ ಕಾಲ ಬಂದಲ್ಲದೆ ಮಾರದು. ಮದುವೆಗೋ ಆಸ್ಪತ್ರೆಗೋ ಹಣ ಬೇಕಾದ ಠೇವಣಿದಾರನನ್ನು 'ನಾಳೆ ಬಾ' ಎಂದು ಒಮ್ಮೆ ಕಳುಹಿಸಿದರೆ, ಮರುದಿನ ಬೆಳಿಗ್ಗೆ ಊರೇ ಸಂಘದ ಬಾಗಿಲಿಗೆ ಬರುವುದು.

ಒಂದೇ ವರ್ಷದ ಲೆಕ್ಕದಿಂದ ತೀರ್ಮಾನಕ್ಕೆ ಬರಲಾಗದು. ಮೂರು ವರ್ಷಗಳ ವಸೂಲಿ, ಸುಸ್ತಿ, ಬರಬೇಕಾದ ಬಡ್ಡಿ, ಆಡಳಿತ ವೆಚ್ಚ, ಇವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡತಕ್ಕದ್ದು. ಬರಗಾಲದ ವರ್ಷ ಇಳಿದ ವಸೂಲಿಯು ಮರುವರ್ಷ ಏರಿದ್ದರೆ ಭಯವಿಲ್ಲ. ಮಳೆಬೆಳೆ ಚೆನ್ನಾಗಿದ್ದ ವರ್ಷದಲ್ಲಿಯೂ ಇಳಿಯುತ್ತಲೇ ಇದ್ದರೆ ದೋಷವು ಸಾಲ ಕೊಡುವ ಕ್ರಮದಲ್ಲಿಯೇ ಇದೆಯೆಂದು ಶಂಕಿಸಬೇಕಾಗುತ್ತದೆ.

ಸಂಘದ ಲೆಕ್ಕವನ್ನು ಕೇಳುವುದು ಕಾರ್ಯದರ್ಶಿಯ ಮೇಲಿನ ಅಪನಂಬಿಕೆಯಲ್ಲ. ಪ್ರಾಮಾಣಿಕನಾದ ಕಾರ್ಯದರ್ಶಿಗೆ ಅದರಿಂದ ಬಲವೇ ಬರುತ್ತದೆ. ಪ್ರಬಲರಾದ ಬಾಕಿದಾರರನ್ನು ತಗಾದೆ ಮಾಡಲು ಅವನಿಗೆ ಸಭೆಯ ಬೆಂಬಲ ಬೇಕು. ವಸೂಲಿಯು ಕುಗ್ಗಿ ಬ್ಯಾಂಕಿನಿಂದ ಹೊಸ ಸಾಲ ನಿಂತುಹೋದರೆ, ಸಕಾಲದಲ್ಲಿ ಬಾಕಿ ತೀರಿಸಿದ ರೈತನಿಗೂ ಬಿತ್ತನೆಯ ವೇಳೆಗೆ ಹಣ ದೊರೆಯದೆ ಹೋಗುವುದು. ಆದುದರಿಂದ ಮುಂದಿನ ಮಹಾಸಭೆಗೆ ಹೋಗುವ ಸದಸ್ಯನು ಲಾಭಾಂಶವೆಷ್ಟೆಂದು ಕೇಳುವ ಮೊದಲು, ಲಾಭದಲ್ಲಿ ಕೈಗೆ ಬಂದುದೆಷ್ಟು ಎಂದು ಕೇಳುವುದು ಉಚಿತ.