ಸೂರಿನ ಋಣ

ಹಳೆಯದೊಂದು ದೇವಾಲಯವನ್ನು ಉಳಿಸಿಕೊಳ್ಳಬೇಕೆಂಬ ಅಭಿಲಾಷೆಯನ್ನು ಸಭೆಯ ಮುಂದೆ ಇಟ್ಟಾಗ ಬೇಡವೆನ್ನುವವರು ವಿರಳ. ಆದರೆ ಆ ಅಭಿಲಾಷೆಗೆ ತಕ್ಕ ದ್ರವ್ಯವನ್ನು ಯಾರಲ್ಲಿ, ಯಾವ ಮಾತಿನಿಂದ, ಯಾವುದರ ಹೆಸರಿನಲ್ಲಿ ಯಾಚಿಸಬೇಕೆಂಬ ಪ್ರಶ್ನೆ ಏಳುವುದೇ ತಡ, ಒಪ್ಪಿ ತಲೆದೂಗಿದವರೆಲ್ಲರೂ ನೆಲವನ್ನು ನೋಡತೊಡಗುವರು. ನಮ್ಮ ಸಭೆಯ ಜೀರ್ಣೋದ್ಧಾರ ಸಮಿತಿಯ ಕಾರ್ಯದರ್ಶಿತ್ವವು ನನ್ನ ಪಾಲಿಗೆ ಬಂದು, ಆ ಪ್ರಶ್ನೆಗೆ ಮನೆಮನೆಯ ಜಗಲಿಯಲ್ಲಿ ಕುಳಿತು ಉತ್ತರ ಹುಡುಕಬೇಕಾದುದರಿಂದ, ಇಂತಹ ಕಾರ್ಯಕ್ಕೆ ಮುಂದೆ ಕೈಹಾಕುವವರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ದೇವಾಲಯವು ಬಾಸೆಲ್ ಮಿಶನಿನವರ ಕಾಲದ್ದು. 1834ರಲ್ಲಿ ಸಮುವೇಲ್ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದ ಮೇಲೆ ಕರಾವಳಿಯಲ್ಲಿ ಒಂದೊಂದಾಗಿ ತಲೆಯೆತ್ತಿದ ಶಾಲೆ, ಮುದ್ರಣಾಲಯ, ನೇಯ್ಗೆಶಾಲೆ, ಪ್ರಾರ್ಥನಾಮಂದಿರಗಳ ಸಾಲಿಗೆ ಸೇರಿದ್ದು. ಇಲ್ಲಿಯ ನೆಲವನ್ನೇ ಕಡಿದು ತೆಗೆದ ಮುರಕಲ್ಲಿನ ದಪ್ಪ ಗೋಡೆ, ಮರುವಾಯಿ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣದ ಗಾರೆ, ಅದರ ಮೇಲೆ ಮರದ ಪಕ್ಕಾಸು, ರೀಪು, ಹಂಚು. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿಯ ಪ್ರಯತ್ನದಿಂದ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭವಾಗಿ, ನದಿತೀರದ ಆವೆಮಣ್ಣು ಮಂಗಳೂರು ಹಂಚೆಂಬ ಹೆಸರಿನಲ್ಲಿ ಕಡಲಾಚೆಗೂ ಹೋದುದನ್ನು ಓದುಗರು ಬಲ್ಲರು. ಆ ಹಂಚಿನ ಹಿಂಬದಿಯ ಉಬ್ಬಕ್ಷರಗಳನ್ನು ಬೆರಳಿನಿಂದ ಸವರುತ್ತ, ಇದನ್ನು ತಟ್ಟಿ ಸುಟ್ಟವರಲ್ಲಿ ನಮ್ಮ ಅಜ್ಜಂದಿರೂ ಇದ್ದರೆಂದು ಹೇಳಿಕೊಳ್ಳುವ ಮನೆತನಗಳು ನಮ್ಮ ಸಭೆಯಲ್ಲಿ ಇಂದಿಗೂ ಇವೆ.

ಇಷ್ಟಿದ್ದರೂ ನಮ್ಮ ದೇವಾಲಯಕ್ಕೆ ಕೀರ್ತಿಯಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಗಳಲ್ಲಿ ಇಟಲಿಯ ಆಂತೋನಿಯೊ ಮೊಸ್ಕೆನಿ ಬರೆದ ಚಿತ್ರಗಳಿವೆ. ಅವನ್ನು ನೋಡಲು ದೇಶವಿದೇಶದವರು ಬರುತ್ತಾರೆ, ಅವು ಮಾಸಿದಾಗ ಪರಿಣತರು ಬಂದು ಕೈಯಿಟ್ಟರು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನ ನಡುವೆ ಸೂರಿಲ್ಲದೆ ನಿಂತಿರುವ ಹಳೆಯ ಇಗರ್ಜಿಯನ್ನು ನೋಡಿ ಮರುಗದವರಿಲ್ಲ. ಚಿತ್ರಗಳ ವೈಭವವೂ ಇಲ್ಲದೆ, ಪಾಳುಬಿದ್ದುದರ ಕರುಣೆಯೂ ಇಲ್ಲದೆ, ಪ್ರತಿ ಭಾನುವಾರ ಬಾಗಿಲು ತೆರೆದು ಜನರನ್ನು ಒಳಗೆ ಕರೆದುಕೊಳ್ಳುವ ಸಾಧಾರಣ ಕಟ್ಟಡಕ್ಕೆ ಹೊರಗಿನವರು ತಾವಾಗಿ ನೆರವಾಗುವರೆಂದು ಕಾಯುವುದು ವ್ಯರ್ಥ. ಅದನ್ನು ಬಳಸಿದವರೇ ಅದರ ಆಶ್ರಯ. ಇದು ಮನಸ್ಸಿಗೆ ನಾಟಿದ ದಿನದಿಂದಲೇ ನಮ್ಮ ಕೆಲಸವು ನಿಜವಾಗಿ ಆರಂಭವಾಯಿತೆನ್ನಬೇಕು.

ಹಣಕ್ಕಿಂತ ಮೊದಲು ಬೇಕಾದುದು ಕಟ್ಟಡದ ವ್ಯಾಧಿಯ ಪರಿಜ್ಞಾನ. ಸಭೆಯಲ್ಲಿ ಆಗಲೇ ಎರಡು ಪಕ್ಷಗಳಿದ್ದುವು: ಕೆಡವಿ ಕಾಂಕ್ರೀಟಿನ ಹೊಸ ಮಂದಿರವನ್ನು ಕಟ್ಟೋಣವೆನ್ನುವವರು ಕೆಲವರು, ಹಿರಿಯರು ಕಟ್ಟಿದ್ದನ್ನು ಮುಟ್ಟಬಾರದೆನ್ನುವವರು ಕೆಲವರು. ಇಬ್ಬರ ವಾದವೂ ಭಾವನೆಯ ಮೇಲೆಯೇ ನಿಂತಿದ್ದುದರಿಂದ, ಹಳೆಯ ಕಟ್ಟಡಗಳ ಅನುಭವವಿದ್ದ ಇಂಜಿನಿಯರೊಬ್ಬರನ್ನೂ ಊರಿನ ವೃದ್ಧ ಆಚಾರಿಯವರನ್ನೂ ಒಟ್ಟಿಗೆ ಕರೆಸಿದೆವು. ಆಚಾರಿಯವರು ಏಣಿಯನ್ನೇರಿ, ಗೋಡೆಯ ಮೇಲೆ ಪಕ್ಕಾಸುಗಳು ಕೂರುವ ಕಡೆಯಲ್ಲಿ ಉಳಿಯ ಹಿಡಿಯಿಂದ ಒಂದೊಂದನ್ನೇ ತಟ್ಟುತ್ತ, ಕಿವಿಗೊಟ್ಟು ಆಲಿಸುತ್ತ ಮುಂದೆ ಸಾಗಿದರು. ಗಟ್ಟಿಯಾದ ಮರ ಟಣ್ಣೆಂದಿತು, ಗೆದ್ದಲು ಹೊಕ್ಕಿದ್ದು ಡಬ್ಬೆಂದಿತು. ಡಬ್ಬೆಂದುದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕುತ್ತ, ಕೆಳಗೆ ನಿಂತಿದ್ದ ನನಗೆ, “ಮಾಷ್ಟ್ರೇ, ಇದು ಹೊರಗಿನಿಂದ ಮಾತ್ರ ಮರ, ಒಳಗೆ ಬರೀ ಹುಡಿ. ಆದ್ರೆ ಆಚೆಯದ್ದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡ್ಲಿಕ್ಕಿಲ್ಲ” ಎಂದರು.

ಗೋಡೆಯ ವಿಚಾರವನ್ನು ಇಂಜಿನಿಯರರು ವಿವರಿಸಿದರು. ಮುರಕಲ್ಲು ರಂಧ್ರಮಯವಾದುದು, ನೆಲದಿಂದ ಮೇಲೇರುವ ತೇವವನ್ನೂ ಮಳೆಯ ನೀರನ್ನೂ ಹೀರಿ, ಸುಣ್ಣದ ಗಾರೆಯ ಮೂಲಕ ಅದನ್ನು ಮತ್ತೆ ಗಾಳಿಗೆ ಬಿಟ್ಟುಕೊಡುವುದು. ಹಿಂದೊಮ್ಮೆ ಬಲಪಡಿಸುವ ಸದುದ್ದೇಶದಿಂದಲೇ ಮೆತ್ತಿದ ಸಿಮೆಂಟಿನ ಪದರವು ಈ ಉಚ್ಛ್ವಾಸಮಾರ್ಗವನ್ನು ಮುಚ್ಚಿದ್ದರಿಂದ, ತೇವವು ಕಲ್ಲಿನೊಳಗೇ ನಿಂತು ಉಪ್ಪು ಕಟ್ಟಿ, ಕಲ್ಲು ಒಳಗಿನಿಂದ ಸವೆಯುತ್ತಿತ್ತು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಾಡಿನಲ್ಲಿ ಇದು ಅಲ್ಪ ದೋಷವಲ್ಲ. ಸಿಮೆಂಟನ್ನು ಕೆತ್ತಿ ತೆಗೆದು, ವಾರಗಟ್ಟಲೆ ನೀರಿನಲ್ಲಿ ನೆನೆದು ಕಳಿತ ಸುಣ್ಣಕ್ಕೆ ಬೆಲ್ಲ ಹಾಗೂ ಅಳಲೆಕಾಯಿಯ ನೀರನ್ನು ಸೇರಿಸಿ ಹೊಸದಾಗಿ ಗಾರೆ ಮಾಡಬೇಕೆಂದು ನಿರ್ಣಯವಾಯಿತು. ಕೆಡವಬೇಕೆಂದಿದ್ದವರಲ್ಲಿ ಅನೇಕರು ಆ ಸೀಮೆಸುಣ್ಣದ ಗುರುತುಗಳನ್ನು ಎಣಿಸಿ ನೋಡಿದ ಮೇಲೆ ತಾವಾಗಿಯೇ ಅಭಿಪ್ರಾಯವನ್ನು ಬದಲಿಸಿದರು. ಕೆಟ್ಟದ್ದು ಎಷ್ಟೆಂದು ಕಣ್ಣಿಗೆ ಕಂಡಾಗ, ಕೆಡದಿರುವುದು ಎಷ್ಟೆಂಬುದೂ ಅವರಿಗೆ ಕಂಡಿತು.

ಅಂದಾಜುಪಟ್ಟಿಯು ಕೈಸೇರಿದ ಮೇಲೆ ಯಾಚನೆ ಸುಲಭವಾಯಿತು. ‘ದೇವಾಲಯಕ್ಕೆ ಸಹಾಯ ಮಾಡಿರಿ’ ಎಂಬ ಮಾತಿಗೆ ನಮಸ್ಕಾರವೂ ಚಹಾವೂ ದೊರೆಯುತ್ತಿದ್ದುವೇ ಹೊರತು ಹಣ ದೊರೆಯುತ್ತಿರಲಿಲ್ಲ. ಕೊಡುವವನಿಗೆ ತಾನು ಎಷ್ಟು ಕೊಟ್ಟರೆ ಏನಾಗುವುದೆಂಬ ಕಲ್ಪನೆಯೇ ಬಾರದು. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು, ಅದರ ರೀಪಿಗೆ ಇಷ್ಟು, ಕೂಲಿಗೆ ಇಷ್ಟು ಎಂದು ಒಂದು ತುಂಡು ಸೂರಿನ ವೆಚ್ಚವನ್ನು ಬಿಡಿಸಿ ತೋರಿಸಿದಾಗ, ಒಂದು ಕುಟುಂಬವು ಒಂದು ತುಂಡನ್ನು ವಹಿಸಿಕೊಂಡಿತು, ಇನ್ನೊಂದು ಕುಟುಂಬವು ಒಂದು ಕಿಟಕಿಯನ್ನು ವಹಿಸಿಕೊಂಡಿತು, ಮೂವರು ಅಣ್ಣತಮ್ಮಂದಿರು ತಾಯಿಯ ನೆನಪಿಗಾಗಿ ಒಂದು ಪಕ್ಕಾಸನ್ನು ಕೂಡಿ ಕೊಟ್ಟರು. ಕೇಳಲು ಇಬ್ಬರು ಹೋಗುವುದು ಲೇಸು; ಒಬ್ಬನು ಮಾತನಾಡುವಾಗ ಇನ್ನೊಬ್ಬನು ಮನೆಯವರ ಮುಖವನ್ನು ನೋಡಿ, ಅವರ ಕಷ್ಟವನ್ನು ಅರಿತು, ಮೊತ್ತವನ್ನು ತಗ್ಗಿಸಿ ಹೇಳಬಲ್ಲನು.

ಆದರೆ ಈ ಕ್ರಮಕ್ಕೂ ಒಂದು ಮಿತಿಯುಂಟು, ಅದನ್ನು ಮೊದಲೇ ಅರಿತಿರಬೇಕು. ಸೂರಿಗೆ, ಕಿಟಕಿಗೆ, ಪ್ರಸಂಗಪೀಠಕ್ಕೆ ದಾನಿಗಳು ಮುಂದೆ ಬರುವರು. ಗೆದ್ದಲಿನ ಮದ್ದಿಗೆ, ಅಟ್ಟಣಿಗೆಯ ಬಾಡಿಗೆಗೆ, ಗೋಡೆಯ ಬುಡದಿಂದ ನೀರನ್ನು ದೂರ ಒಯ್ಯುವ ಚರಂಡಿಗೆ ಯಾರೂ ಬಾರರು. ಕಟ್ಟಡದ ಆಯುಸ್ಸೋ ಬಹುಮಟ್ಟಿಗೆ ಆ ಚರಂಡಿಯಲ್ಲಿಯೇ ಇದೆ. ಆದುದರಿಂದ ಹೆಸರಿಲ್ಲದ, ಉದ್ದೇಶವನ್ನು ಬಿಡಿಸಿ ಹೇಳದ ಸಾಮಾನ್ಯ ನಿಧಿಯೊಂದು ಇರಲೇಬೇಕು. ನಮ್ಮಲ್ಲಿ ಅದನ್ನು ತುಂಬಿದವರು ಸ್ತ್ರೀಯರ ಅನ್ಯೋನ್ಯ ಕೂಟದವರು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿ ತಿಂಗಳ ಕೊನೆಯಲ್ಲಿ ತಂದೊಪ್ಪಿಸುವ ಹಿಡಿಯಕ್ಕಿಯ ಪದ್ಧತಿಯನ್ನು ಅವರು ಮತ್ತೆ ಜೀವಂತಗೊಳಿಸಿದರು. ಸುಗ್ಗಿಹಬ್ಬದ ಏಲವೂ ಹಾಗೆಯೇ. ಆ ವರ್ಷ ಯಾರೋ ತಂದ ಸಿಹಿಗುಂಬಳವೊಂದನ್ನು ಏಲದಲ್ಲಿ ಕೊಂಡವರು ಅಲ್ಲಿಯೇ ಮರಳಿ ಕಾಣಿಕೆಯಾಗಿ ಒಪ್ಪಿಸಿದರು. ಅದನ್ನು ಎರಡನೆಯವರು ಕೊಂಡು ಒಪ್ಪಿಸಿದರು, ಮೂರನೆಯವರೂ ಹಾಗೆಯೇ ಮಾಡಿದರು. ಮಕ್ಕಳು ಚಪ್ಪಾಳೆ ತಟ್ಟುತ್ತಿರಲು, ತೊಟ್ಟು ಮುರಿದು ಮಣ್ಣು ಮೆತ್ತಿದ ಆ ಕಾಯಿಯು ಕೈಯಿಂದ ಕೈಗೆ ದಾಟಿ, ಕೊನೆಗೆ ಒಬ್ಬ ವಿಧವೆಯ ಮನೆಗೆ ಊಟಕ್ಕಾಗಿ ಹೋಯಿತು.

ಕೊಲ್ಲಿ ದೇಶಗಳಲ್ಲಿಯೂ ಇನ್ನೂ ದೂರದಲ್ಲಿಯೂ ಇರುವ ನಮ್ಮ ಮಕ್ಕಳ ವಿಷಯದಲ್ಲಿ ಕಾನೂನನ್ನು ಅರಿತು ನಡೆಯಬೇಕು. ಭಾರತದ ಪೌರತ್ವವನ್ನು ಉಳಿಸಿಕೊಂಡಿರುವವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವು ವಿದೇಶಿ ದೇಣಿಗೆಯೆನಿಸದು. ಪರದೇಶದ ಪೌರತ್ವ ಪಡೆದವನು, ನಮ್ಮ ಊರಿನಲ್ಲಿಯೇ ಹುಟ್ಟಿ ಬೆಳೆದವನಾದರೂ, ಕೊಡುವ ಹಣ ವಿದೇಶಿ ದೇಣಿಗೆಯೇ. ಅದನ್ನು ಸ್ವೀಕರಿಸಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಂತೆ ನೋಂದಣಿ ಬೇಕು, 2020ರ ತಿದ್ದುಪಡಿಯಂತೆ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯಶಾಖೆಯಲ್ಲಿ ಅದಕ್ಕಾಗಿಯೇ ಖಾತೆ ಬೇಕು. ಪ್ರೀತಿಯಿಂದ ಕೊಡಬಂದ ಕೆಲವರಿಗೆ ಈ ಕಾರಣದಿಂದ ಬೇಡವೆಂದು ಬರೆಯಬೇಕಾಯಿತು. ಬರೆಯುವಾಗ ಮನಸ್ಸು ನೊಂದಿತು. ತೆರಿಗೆಯ ರಿಯಾಯಿತಿಯ ವಿಚಾರವನ್ನೂ ದಾನಿಗಳು ಕೇಳುವರು. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ವಿಧಿಯಲ್ಲಿ, ಐತಿಹಾಸಿಕ ಮಹತ್ತ್ವವುಳ್ಳುದೆಂದು ಕೇಂದ್ರ ಸರಕಾರವು ಪ್ರಕಟಿಸಿದ ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚುಗಳ ದುರಸ್ತಿಗೆ ಕೊಟ್ಟ ದಾನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಹಾಗೆ ಪ್ರಕಟವಾಗದ ನಮ್ಮಂಥವರು ಆ ಆಸೆಯನ್ನು ಯಾರಲ್ಲಿಯೂ ಹುಟ್ಟಿಸಬಾರದೆಂದು ರಸೀದಿ ಪುಸ್ತಕದಲ್ಲಿಯೇ ಅಚ್ಚು ಹಾಕಿಸಿದೆವು.

ಸಭೆಗೆ ಸೇರದವರು ಕೊಟ್ಟುದನ್ನು ನಾನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ದೇವಾಲಯದ ಮಗ್ಗುಲಲ್ಲಿರುವ ಮಿಶನ್ ಶಾಲೆಯಲ್ಲಿ ಊರಿನ ಎಲ್ಲ ಜಾತಿಯ ಮಕ್ಕಳೂ ಅಕ್ಷರ ಕಲಿತಿದ್ದರು. ಮಳೆಗಾಲದಲ್ಲಿ ಶಾಲೆ ಸೋರಿದಾಗ ನಾವೇ ಆ ಮಕ್ಕಳನ್ನು ದೇವಾಲಯದ ಬೆಂಚುಗಳ ಮೇಲೆ ಕೂರಿಸಿ ಮಗ್ಗಿ ಹೇಳಿಸುತ್ತಿದ್ದೆವು. ನಿವೃತ್ತರಾದ ಬಸ್ ಕಂಡಕ್ಟರರೊಬ್ಬರು ವಿಷಯ ತಿಳಿದು ತಾವಾಗಿಯೇ ಬಂದು, “ಆ ಸೂರಿನ ಅಡಿ ನಾನೂ ಕೂತದ್ದುಂಟಲ್ಲ ಮಾಷ್ಟ್ರೇ” ಎಂದು ಹೇಳಿ, ಪಿಂಚಣಿಯ ಹಣದಲ್ಲಿ ಒಂದು ಪಾಲನ್ನು ಮೇಜಿನ ಮೇಲಿಟ್ಟರು. ಆಮೇಲೆ ನಾವು ಹಳೆಯ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋದೆವು. ಶಾಲೆಯ ದಾಖಲೆ ಪುಸ್ತಕವು ನಮಗೆ ದೊರೆತ ಅತ್ಯುತ್ತಮ ದಾನಿಗಳ ಪಟ್ಟಿಯಾಯಿತು.

ಎಲ್ಲಕ್ಕಿಂತ ಕಠಿನವಾದ ಪರೀಕ್ಷೆಯು ಅಭಾವದಿಂದ ಬರಲಿಲ್ಲ, ಔದಾರ್ಯದಿಂದ ಬಂತು. ಅನುಕೂಲಸ್ಥರೊಬ್ಬರು ನಮ್ಮ ಅಂದಾಜಿನ ಅರ್ಧಕ್ಕೂ ಹೆಚ್ಚು ಮೊತ್ತವನ್ನು ತಾವೊಬ್ಬರೇ ಕೊಡುವುದಾಗಿ ಮುಂದೆ ಬಂದರು. ಹಂಚನ್ನು ಇಳಿಸಿ ಕಾಂಕ್ರೀಟಿನ ಛಾವಣಿ ಹಾಕಬೇಕು, ನೆಲಕ್ಕೆ ಗ್ರಾನೈಟ್ ಹಾಸಬೇಕು, ಮುಂಬಾಗಿಲಲ್ಲಿ ತಮ್ಮ ತಂದೆಯ ಹೆಸರಿನ ಶಿಲಾಫಲಕವಿರಬೇಕು ಎಂಬುದು ಅವರ ಅಪೇಕ್ಷೆ. ಫಲಕಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಆದರೆ ಆ ಭಾರವನ್ನು ಹಳೆಯ ಗೋಡೆಗಳು ಹೊರಲಾರವೆಂದೂ, ಗ್ರಾನೈಟಿನ ಕೆಳಗೆ ತಡೆಹಿಡಿಯಲ್ಪಟ್ಟ ತೇವವೆಲ್ಲ ಗೋಡೆಗೇ ಏರುವುದೆಂದೂ ಇಂಜಿನಿಯರರು ಸ್ಪಷ್ಟವಾಗಿ ಹೇಳಿದ ಮೇಲೆ ಸಮಿತಿಯು ರಾತ್ರಿ ಬಹಳ ಹೊತ್ತು ಕುಳಿತು ಚರ್ಚಿಸಿತು. ಸಭಾಪಾಲಕರೂ ನಾನೂ ಅವರ ಮನೆಗೆ ಹೋಗಿ, ಸುಣ್ಣದ ಗಾರೆಯ ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಬೇಕೆಂದು ವಿನಂತಿಸಿದೆವು, ಅವರು ಒಪ್ಪಲಿಲ್ಲ. ಅಷ್ಟು ದೊಡ್ಡ ಮೊತ್ತವು ಮತ್ತೆ ಒಂದೇ ಕೈಯಿಂದ ನಮಗೆ ಬರಲೇ ಇಲ್ಲ, ಕೆಲಸವು ಅದರಿಂದ ಇನ್ನೊಂದು ಮಳೆಗಾಲವನ್ನು ಕಾಯಬೇಕಾಯಿತು. ಹಾಗಿದ್ದರೂ ಆ ರಾತ್ರಿಯ ನಿರ್ಧಾರವು ಸರಿಯೆಂದೇ ನಾನು ಇಂದಿಗೂ ನಂಬಿದ್ದೇನೆ.

ಲೆಕ್ಕದ ವಿಚಾರ. ಬಂದುದನ್ನೂ ಹೋದುದನ್ನೂ ತಿಂಗಳಿಗೊಮ್ಮೆ ಬರೆದು ದೇವಾಲಯದ ಮುಖಮಂಟಪದಲ್ಲಿ ಅಂಟಿಸುತ್ತಿದ್ದೆವು. ಹಿಡಿಯಕ್ಕಿಗೂ ರಸೀದಿ ಇತ್ತು. ಹಳೆಯ ಹಂಚನ್ನು ಇಳಿಸಿದ ಮೇಲೆ ಮರದ ಕೇಡು ನಮ್ಮ ಅಂದಾಜನ್ನು ಮೀರಿ ಕಂಡಾಗ, ಆಕಸ್ಮಿಕಕ್ಕೆಂದು ತೆಗೆದಿಟ್ಟ ಹಣವೆಲ್ಲ ಮುಗಿದು ಎರಡನೆಯ ಬಾರಿ ಜನರ ಮುಂದೆ ನಿಲ್ಲಬೇಕಾಯಿತು. ಆ ಹಾಳೆಗಳನ್ನು ತಿಂಗಳು ತಿಂಗಳೂ ಓದಿದ್ದವರು ಕಾರಣವನ್ನು ಕೇಳದೆ ಕೊಟ್ಟರು. ಇಳಿಸಿದ ಹಂಚುಗಳಲ್ಲಿ ಗಟ್ಟಿಯಾದವನ್ನು ತೊಳೆದು ಆರಿಸಿ ಮುಂಭಾಗದ ಮಾಡಿಗೆ ಮತ್ತೆ ಹೊದಿಸಿದೆವು. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋಗಿರುವುದರಿಂದ, ಅದೇ ಅಳತೆಯ ಹಂಚನ್ನು ಕೆಡವಿದ ಮನೆಗಳಿಂದ ಕೊಂಡು ತಂದು ದಾಸ್ತಾನು ಮಾಡಿದ್ದೇವೆ. ಇಂತಹ ಹಂಚು ದೊರೆತಾಗ ಕೊಂಡಿಡುವುದೇ ಜಾಣತನ.

ಈಗ ಉಳಿದಿರುವುದು ಗಂಟೆಗೋಪುರದ ಒಳಏಣಿ ಮತ್ತು ವಾರ್ಷಿಕ ದುರಸ್ತಿಯ ಠೇವಣಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮಾಡಿನ ಮೇಲೆ ಜನವನ್ನು ಹತ್ತಿಸಿ ಒಡೆದ ಹಂಚನ್ನು ಬದಲಿಸಿ, ಚರಂಡಿಯ ಎಲೆಕಸವನ್ನು ತೆಗೆಸುವ ವೆಚ್ಚವು ಠೇವಣಿಯ ಬಡ್ಡಿಯಿಂದಲೇ ಸಾಗಬೇಕೆಂಬುದು ನಮ್ಮ ಸಂಕಲ್ಪ. ಅರ್ಧದಷ್ಟು ಹಣ ಕೂಡಿದೆ; ಮುಂದಿನ ಸುಗ್ಗಿಹಬ್ಬದ ಏಲದ ಉತ್ಪತ್ತಿಯನ್ನೆಲ್ಲ ಅದಕ್ಕೇ ಸೇರಿಸುವುದೆಂದು ಸಭೆಯು ಗೊತ್ತುಪಡಿಸಿದೆ.