ಮನೆ ಮುಲುಂಡಿನಲ್ಲಿ, ಪಹಣಿ ಊರಿನಲ್ಲಿ: ಕಿಸಾನ್ ಕಂತು ಯಾರಿಗೆ?

ಕಾರ್ಕಳದ ಕಡೆ ಒಂದಿಷ್ಟು ಗದ್ದೆ, ಅಡಿಕೆ ತೋಟ, ಹೊಟ್ಟೆಪಾಡು ಮುಂಬಯಿಯಲ್ಲಿ. ಹೀಗೆ ಎರಡೂ ಕಡೆ ಕಾಲಿಟ್ಟ ಕನ್ನಡಿಗರು ಮುಲುಂಡ್, ಮಾಟುಂಗಾಗಳಲ್ಲಿ ಬೇಕಾದಷ್ಟು. ‘ನಾವು ಮುಂಬಯಿಯವರು, ನಮಗೆಲ್ಲಿಯ ಪಿಎಂ ಕಿಸಾನ್’ ಎಂದು ಕೆಲವರು ಸುಮ್ಮನಿರುತ್ತಾರೆ. ಇನ್ನು ಕೆಲವರು ಊರಲ್ಲಿ ಯಾರೋ ಮಾಡಿಸಿದ ನೋಂದಣಿಯಿಂದ ಹಣ ಪಡೆಯುತ್ತಲೇ ಇರುತ್ತಾರೆ, ಅರ್ಹತೆ ಇದೆಯೇ ಎಂದು ನೋಡಿದವರಲ್ಲ.

2018ರ ಡಿಸೆಂಬರ್ 1ರಿಂದ ಜಾರಿಯಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತುಗಳಲ್ಲಿ ಖಾತೆಗೆ ಬೀಳುತ್ತದೆ. ಮೊದಲಿದ್ದ ಎರಡು ಹೆಕ್ಟೇರಿನ ಮಿತಿಯನ್ನು 2019ರಲ್ಲೇ ತೆಗೆದುಹಾಕಲಾಯಿತು. ಅನರ್ಹರ ಪಟ್ಟಿಯಲ್ಲಿ ‘ಪರವೂರಲ್ಲಿ ವಾಸ’ ಎಂಬ ಕಾರಣವಿಲ್ಲ. ಜಮೀನು ನಿಮ್ಮ ಹೆಸರಲ್ಲಿರಬೇಕು, ಅಲ್ಲಿ ಸಾಗುವಳಿ ನಡೆಯುತ್ತಿರಬೇಕು. ಅರ್ಜಿ ಮಾತ್ರ ಜಮೀನಿರುವ ಊರಿನ ಲೆಕ್ಕಕ್ಕೇ ಸೇರುತ್ತದೆ.

ಎಡವುವುದು ಹೆಸರಿನಲ್ಲಿ. ಭೂಮಿ ತಂತ್ರಾಂಶದಲ್ಲಿ ಪಹಣಿಯನ್ನು ಮುಂಬಯಿಯಲ್ಲೇ ಕೂತು ತೆರೆದು 9ನೇ ಕಾಲಂ ನೋಡಿ. ತೀರಿಹೋದ ಅಜ್ಜನೋ ಅಳಿಯಸಂತಾನದ ಯಜಮಾನ ಮಾವನೋ ಅಲ್ಲಿ ಇನ್ನೂ ಕೂತಿದ್ದರೆ ನಿಮ್ಮ ಅರ್ಜಿ ನಿಲ್ಲುವುದಿಲ್ಲ. ಕುಮ್ಕಿ ಜಾಗದ (ಸ್ವಂತ ಜಮೀನಿಗೆ ತಾಗಿದ ಸರ್ಕಾರಿ ಜಾಗ) ಮೇಲೆ ಇರುವುದು ಸವಲತ್ತು, ಒಡೆತನವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸಬೇಕಾದದ್ದು ಪೌತಿ ಖಾತೆ. ಮರಣ ಮುಂಬಯಿಯಲ್ಲಿ ಆಗಿದ್ದರೆ ಪ್ರಮಾಣಪತ್ರ ಪಾಲಿಕೆಯ ವಾರ್ಡ್ ಕಚೇರಿಯದು, ವಂಶವೃಕ್ಷ ಊರಿನ ನಾಡಕಚೇರಿಯದು. ಹಕ್ಕು ಬಂದ ಮೂರು ತಿಂಗಳೊಳಗೆ ಅದನ್ನು ತಿಳಿಸಬೇಕೆಂದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 128ನೇ ಕಲಮು ಹೇಳುತ್ತದೆ. ನಮ್ಮವರು ತಲೆಮಾರುಗಳನ್ನೇ ಕಳೆದಿರುತ್ತಾರೆ. ಕಿಸಾನ್ ಯೋಜನೆಯ ಮಟ್ಟಿಗೆ ಒಡೆತನಕ್ಕೆ 2019ರ ಫೆಬ್ರವರಿ 1 ಗಡುವು. ಆ ಮೇಲೆ ಕ್ರಯದಿಂದ ಬಂದ ಜಮೀನು ನಡೆಯದು. ಮಾಲೀಕರು ತೀರಿಹೋಗಿ ವಾರಸಾಗಿ ಬಂದದ್ದಕ್ಕೆ ವಿನಾಯಿತಿ ಇದೆ.

ಕುಟುಂಬವೆಂದರೆ ಇಲ್ಲಿ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಇವರಲ್ಲಿ ಒಬ್ಬರು ಕಳೆದ ಕರನಿರ್ಧಾರ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದ್ದರೂ ಇಡೀ ಕುಟುಂಬ ಹೊರಗೆ. ಮುಂಬಯಿಯಲ್ಲಿ ಸಂಬಳ ಎಣಿಸುವವರು ಸಿಕ್ಕಿಬೀಳುವುದೇ ಇಲ್ಲಿ. ನಿಯಮದ ಮಾತು ತೆರಿಗೆ ಕಟ್ಟಿದವರ ಬಗ್ಗೆ. ಬರೀ ರಿಟರ್ನ್ ಸಲ್ಲಿಸುವುದು ಬೇರೆ ವಿಷಯ. ವೃತ್ತಿಯಲ್ಲಿರುವ ನೋಂದಾಯಿತ ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ತಿಂಗಳಿಗೆ 10,000 ರೂಪಾಯಿ ಅಥವಾ ಮೇಲ್ಪಟ್ಟು ಪಿಂಚಣಿ ಪಡೆಯುವವರು ಕೂಡ ಅನರ್ಹರು (ನಾಲ್ಕನೇ ದರ್ಜೆಯ ಸರ್ಕಾರಿ ನೌಕರರಾಗಿದ್ದವರನ್ನು ಬಿಟ್ಟು). ತಪ್ಪಾಗಿ ಬಂದ ಹಣವನ್ನು ಯೋಜನೆಯ ಪೋರ್ಟಲ್‌ನಲ್ಲೇ ಹಿಂತಿರುಗಿಸಬಹುದು. ನೋಟಿಸು ಬರುವವರೆಗೆ ಕಾಯುವುದು ಜಾಣತನವಲ್ಲ. ರಸೀದಿ ಜೋಪಾನ.

ಅರ್ಹರಾಗಿದ್ದೂ ಕಂತು ನಿಂತಿತೇ? ಇ-ಕೆವೈಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಪಹಣಿ ಜೋಡಣೆ ಈ ಮೂರನ್ನು ಪರೀಕ್ಷಿಸಿ. ಮೊದಲಿನ ಎರಡು ಮುಂಬಯಿಯಲ್ಲೇ ಮುಗಿಯುತ್ತವೆ. ಸಹಾಯವಾಣಿ 155261. ಅಲ್ಲೂ ಉತ್ತರ ಸಿಗದಿದ್ದರೆ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಕಳಿಸಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಊರಿಗೆ ಬಸ್ಸು ಹತ್ತಬೇಕಿಲ್ಲ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ: ‘ನನ್ನ ಅರ್ಜಿ ಯಾವ ಹಂತದಲ್ಲಿದೆ, ತಡೆದದ್ದು ಯಾವ ಕಾರಣಕ್ಕೆ?’ 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.